ಮೇತಿಸ್ ಎಂಬ ಶಬ್ದವೂ ನನ್ನ ಸೋದರತ್ತೆಯೂ

ಐವತ್ತು ದಾಟಿದ ಮೇಲೆ ನನಗೆ ಹಳೆಯ ಗ್ರೀಕ್ ಭಾಷೆ ಕಲಿಯುವ ಹುಚ್ಚು ಹತ್ತಿತು. ಹುನಗುಂದದ ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ವ್ಯಾಕರಣ ಹೇಳಿ, ಮಕ್ಕಳ ಆಕಳಿಕೆ ಎಣಿಸಿ ಸಾಕಾಗಿ, ಒಮ್ಮೆ ನಾನೂ ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಉತ್ತರ ಕೊಡಬೇಕು ಅನಿಸಿತ್ತು. ವಾರಕ್ಕೆರಡು ಸಂಜೆ ಫೋನಿನಲ್ಲಿ ಏಳೆಂಟು ಜನಕ್ಕೆ ಒಟ್ಟಿಗೆ ಪಾಠ. ಕಲಿಸುವ ಮೇಷ್ಟ್ರು ಧಾರವಾಡದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ತಾಳ್ಮೆಯಲ್ಲಿ ನಲವತ್ತು ವರ್ಷ ದೊಡ್ಡವರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಎರಡನೆಯ ವಾರಕ್ಕೇ ಅವರಿಗೆ ಗೊತ್ತಾಯಿತು.

ಒಂದು ಸಂಜೆ ಅವರು ಮೇತಿಸ್ ಎಂಬ ಶಬ್ದ ತೆಗೆದರು. ಸ್ತ್ರೀಲಿಂಗದ ನಾಮಪದ. ಕರ್ತೃವಾಗಿ ಬಂದರೆ ಮೇತಿಸ್, ಕರ್ಮವಾಗಿ ಬಂದರೆ ಮೇತಿನ್. ಷಷ್ಠಿಯಲ್ಲಿ ಹಳೆಯ ಕಾವ್ಯದವರು ಮೇತಿಯೊಸ್ ಅಂದರೆ ಅಥೆನ್ಸಿನವರು ಮೇತಿದೊಸ್ ಅನ್ನುತ್ತಿದ್ದರಂತೆ. ಬಹುವಚನ ಕಣ್ಣಿಗೆ ಬೀಳುವುದು ಬಲು ಅಪರೂಪ. ಅಳೆಯುವುದು ಎಂಬ ಧಾತುವಿನಿಂದ ಹುಟ್ಟಿದ ಶಬ್ದ. ನಮ್ಮ ಮಾನ, ಪ್ರಮಾಣ, ಮಿತಿಗಳೆಲ್ಲ ಅದರ ದೂರದ ಬಳಗ ಎಂದರು. ಇಷ್ಟೆಲ್ಲ ಸಲೀಸಾಗಿ ನಡೆಯಿತು. ತಕರಾರು ಬಂದದ್ದು ಅರ್ಥದಲ್ಲಿ. ಅದು ಬುದ್ಧಿ ಹೌದು, ಆದರೆ ಪುಸ್ತಕದ ಬುದ್ಧಿಯಲ್ಲ. ಅದರಲ್ಲಿ ಮೋಸ ಇದೆ, ಆದರೆ ಅದು ಬರೀ ಮೋಸವೂ ಅಲ್ಲ. ಗಾಳಿ ತಿರುಗಿದಾಗ ಹಡಗು ತಿರುಗಿಸಬಲ್ಲವನ ಬಳಿ ಇರುವಂಥದ್ದು, ತೋಳಿನ ಬಲ ಸಾಲದ ಕಡೆ ಕೈಹಿಡಿಯುವಂಥದ್ದು. ಇದಕ್ಕೆ ಸರಿಸಮ ನಿಲ್ಲುವ ಒಂದೇ ಶಬ್ದ ಬೇರೆ ಯಾವ ಭಾಷೆಯಲ್ಲೂ ಸಿಗುವುದಿಲ್ಲ ಎಂದುಬಿಟ್ಟರು ಮೇಷ್ಟ್ರು. ನನಗೆ ಸಿಟ್ಟು ನೆತ್ತಿಗೇರಿತು.

"ಕನ್ನಡದಾಗ ಐತ್ರಿ" ಎಂದೆ.

"ಯಾವುದ್ರಿ?" ಎಂದರು.

ಹುಡುಕಿ ಹೇಳತೇನ್ರಿ ಎಂದೆ. ಮುಂದಿನ ತಿಂಗಳು ಎಲ್ಲರೂ ಒಂದೊಂದು ಶಬ್ದದ ಮೇಲೆ ಹತ್ತು ನಿಮಿಷ ಮಾತಾಡಬೇಕಿತ್ತು. ಮೇಷ್ಟ್ರು ನಗುನಗುತ್ತಲೇ ಮೇತಿಸ್ ಅನ್ನು ನನ್ನ ಕೊರಳಿಗೆ ಕಟ್ಟಿದರು.

ಒಂದು ವಾರ ನಾನು ಊಟ ಮಾಡುವಾಗಲೂ ಶಬ್ದ ಹುಡುಕಿದೆ. ಯುಕ್ತಿ ಎಂದರೆ ಮಕ್ಕಳ ಪಾಠದ ನರಿ ನೆನಪಾಗುತ್ತದೆ. ಕುತಂತ್ರ ಎಂದರೆ ಟಿವಿ ಧಾರಾವಾಹಿಯ ನಾದಿನಿ. ಶಾಣ್ಯಾತನ ಪರೀಕ್ಷೆಯಲ್ಲಿ ಪಾಸಾದವರ ಸೊತ್ತು. ಹಿಕ್ಮತ್ತು ಹತ್ತಿರ ಬಂದಂತೆ ಮಾಡಿ ತಪ್ಪಿಸಿಕೊಂಡಿತು. ಕೊನೆಗೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳ ಬಗ್ಗೆ "ಭಾಳ ಬೆರಕಿ ಅದಾಳವಾ ಅಕಿ" ಅನ್ನುವುದು ಕಿವಿಗೆ ಬಿತ್ತು. ಅಂದವಳ ಮುಖದಲ್ಲಿ ಸಿಟ್ಟಿತ್ತು, ಜೊತೆಗೆ ಹೊಟ್ಟೆಕಿಚ್ಚು ಬೆರೆತ ಮೆಚ್ಚುಗೆಯೂ ಇತ್ತು. ನಮ್ಮ ಕಡೆ ಬೆರಕಿ ಅಂದರೆ ಹಾಗೆಯೇ, ಬೈದಂತೆಯೂ ಆಗುತ್ತದೆ, ಹೊಗಳಿದಂತೆಯೂ ಆಗುತ್ತದೆ. ನಮ್ಮ ಬಳಗದಲ್ಲಿ ಆ ಬಿರುದು ಇದ್ದದ್ದು ಒಬ್ಬಳಿಗೇ, ಇಳಕಲ್ಲಿನ ನನ್ನ ಸೋದರತ್ತೆಗೆ. ಮೇಲಾಗಿ ಗ್ರೀಕರು ಮೇತಿಸ್ ಜೊತೆ ನೇಯುವುದು ಎಂಬ ಕ್ರಿಯಾಪದವನ್ನೂ ಬಳಸುತ್ತಿದ್ದರಂತೆ. ನಾವು ಉಪಾಯ ಹೂಡಿದರೆ ಅವರು ಉಪಾಯ ನೇಯುತ್ತಿದ್ದರು. ಅತ್ತೆಯ ಮನೆಯಲ್ಲಿ ಎರಡು ಮಗ್ಗ. ಇನ್ನೇನು ಬೇಕು ಎಂದುಕೊಂಡು ಭಾನುವಾರ ನೋಟ್‌ಬುಕ್ ಹಿಡಿದು ಇಳಕಲ್ ಬಸ್ ಹತ್ತಿದೆ.

ಅತ್ತೆಯ ಬೆರಕಿತನಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಾನು ಸಣ್ಣವಳಿದ್ದಾಗ ಎಲ್ಲರೂ ಬಾದಾಮಿಯ ಗುಹೆ ನೋಡಲು ಹೋಗಿದ್ದೆವು. ಅಲ್ಲಿಯ ಮಂಗಗಳು ಬುತ್ತಿಯನ್ನು ವಾಸನೆಯಿಂದಲ್ಲ, ಹಿಡಿದವರ ಮುಖದಿಂದ ಪತ್ತೆಹಚ್ಚುತ್ತವೆ ಎಂಬುದು ಅತ್ತೆಯ ನಂಬಿಕೆ. ಅವಳು ಒಂದು ಗಂಟನ್ನು ಎದೆಗೆ ಅವಚಿಕೊಂಡು, ಅಂಜಿದವಳ ಹಾಗೆ ಆಚೀಚೆ ನೋಡುತ್ತ ಮೆಟ್ಟಿಲು ಹತ್ತಿದಳು. ದೊಡ್ಡದೊಂದು ಮಂಗ ಬಂದು ಗಂಟು ಕಸಿದು ಬಂಡೆ ಏರಿತು, ಉಳಿದ ಮಂಗಗಳೆಲ್ಲ ಅದರ ಬೆನ್ನು ಹತ್ತಿದವು. ಗಂಟಿನಲ್ಲಿ ಇದ್ದದ್ದು ಹಳೆಯ ಅರಿವೆ ಮತ್ತು ಒಂದು ಉಳ್ಳಾಗಡ್ಡಿ. ರೊಟ್ಟಿ ಮತ್ತು ಶೇಂಗಾ ಚಟ್ನಿ ನನ್ನ ಅಪ್ಪ ಬೀಸಿಕೊಂಡು ಬರುತ್ತಿದ್ದ ಮಡಚಿದ ಕೊಡೆಯೊಳಗಿದ್ದವು, ಅದು ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಮುಖದಲ್ಲಿ ಕಂಡುಬಿಡುತ್ತಿತ್ತು ಎಂದು ಅತ್ತೆ ಆಮೇಲೆ ಹೇಳಿದಳು.

ಅತ್ತೆಗೆ ಒಬ್ಬನೇ ಮಗ. ಸೋದರಸೊಸೆಯಾದ ನನ್ನನ್ನು ಅವನಿಗೆ ತಂದುಕೊಳ್ಳುವ ಮಾತು ಒಂದು ಕಾಲಕ್ಕೆ ಬಂದಿತ್ತು. ಅತ್ತೆಯೇ ಬೇಡ ಎಂದಳು. "ಈಕಿ ಮಗ್ಗದ ಕುಣಿಗೆ ಇಳದ್ರ ನೂಲಿಗೂ ವ್ಯಾಕರಣ ಹೇಳಾಕಿ" ಎಂದಳಂತೆ. ಆಗ ನನಗೆ ಅವಮಾನವಾಗಿತ್ತು. ಈಗ ಅವಳಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವನಿಗೆ ಸಿಕ್ಕ ಹೆಂಡತಿ ಮಿತಭಾಷಿ, ಮಗ್ಗದಲ್ಲಿ ಗಂಡನಿಗಿಂತ ಒಂದು ಕೈ ಮೇಲು.

ಆದರೆ ಆ ಮನೆಯಲ್ಲಿ ಒಂದು ಕೆಲಸ ಅತ್ತೆಯದೇ ಆಗಿತ್ತು. ಇಳಕಲ್ ಸೀರೆಯ ಮೈಗೆ ಉದ್ದಕ್ಕೆ ಹಾಸುವ ನೂಲು ಬೇರೆ, ಸೆರಗಿಗೆ ಹಾಸುವ ಕೆಂಪು ರೇಷ್ಮೆ ಬೇರೆ. ನೇಯುವ ಮೊದಲು ಈ ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ಎಳೆ ಬಿಟ್ಟರೆ, ಒಂದು ಕುಣಿಕೆಯಲ್ಲಿ ಎರಡು ಸಿಕ್ಕಿಕೊಂಡರೆ, ಸೆರಗು ಕೂಡುವ ಜಾಗದಲ್ಲಿ ಸೀರೆ ಅದನ್ನು ಎಲ್ಲರಿಗೂ ಹೇಳಿಬಿಡುತ್ತದೆ. ಅತ್ತೆ ಬಾಗಿಲ ಪಕ್ಕದ ಮಣೆಯ ಮೇಲೆ, ಬೆಳಕಿಗೆ ಬೆನ್ನು ಕೊಡದೆ ಕೂತು, ಐವತ್ತು ವರ್ಷ ಆ ಕೆಲಸ ಮಾಡಿದವಳು. ಸೊಸೆಗೆ ಕಲಿಸಲು ಎರಡು ಮೂರು ಸಲ ನೋಡಿದಳು. ಅತ್ತೆ ಎದುರಿಗೆ ಕೂತರೆ ಸೊಸೆಯ ಕೈ ನಡುಗುತ್ತಿತ್ತು; ಕೈ ನಡುಗಿದರೆ ಅತ್ತೆ ಬೈಯುತ್ತಿದ್ದಳು; ಬೈದರೆ ಇನ್ನಷ್ಟು ನಡುಗುತ್ತಿತ್ತು. "ಇದು ನನ್ನ ಕೈಲೆ ಆಗಂಗಿಲ್ರಿ" ಎಂದು ಸೊಸೆ ಎದ್ದು ಮಗ್ಗಕ್ಕೆ ಹೋದವಳು ಮತ್ತೆ ಆ ಕಡೆ ಬರಲಿಲ್ಲ.

ಆ ಭಾನುವಾರ ನಾನು ಒಳಗೆ ಬಂದಾಗ ಅತ್ತೆ ಮಣೆಯ ಮೇಲೇ ಇದ್ದಳು. ನಾನು ಮಾತಾಡುವವರೆಗೂ ಸುಮ್ಮನಿದ್ದು, ಮಾತಾಡಿದ ಕೂಡಲೇ "ಬಾರವಾ, ಹುನಗುಂದದ ಪಂಡಿತರು ಬಂದ್ರು" ಎಂದಳು. ನನ್ನ ಸೀರೆಯನ್ನು ಬೆರಳಲ್ಲಿ ಹಿಡಿದು ನೋಡಿ ಬಣ್ಣ ಚಂದ ಎಂದಳು, ಯಾವ ಬಣ್ಣ ಎನ್ನಲಿಲ್ಲ. ನಾನು ಮಗಳ ಹೊಸ ಫೋಟೋ ತೋರಿಸುತ್ತೇನೆಂದು ಫೋನು ಅವಳ ಮುಖದ ಮುಂದೆ ಹಿಡಿದೆ. ಅವಳು ಕತ್ತು ಹಿಂದಕ್ಕೆ ಎಳೆದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು.

"ಮೂಗು ಥೇಟ್ ನಿಂದ ಐತಿ ನೋಡು" ಎಂದಳು.

ಫೋನು ತಿರುಗಿಸಿ ನೋಡಿಕೊಂಡೆ. ಅದರಲ್ಲಿ ಮಗಳ ಫೋಟೋ ಇರಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಬಂದಿದ್ದ ಮೇತಿಸ್, ಮೇತಿನ್, ಮೇತಿಯೊಸ್ ಎಂಬ ವಿಭಕ್ತಿಗಳ ಪಟ್ಟಿ ಇತ್ತು.

ನಗು ಬಂತು. ಆಮೇಲೆ ಅವಳ ಕಣ್ಣನ್ನು ನೋಡಿದೆ. ಸೊಸೆ ಒಳಗೆ ಚಹಾಕ್ಕೆ ಇಟ್ಟಿದ್ದಳು, ಮಗ ನೂಲು ತರಲು ಪೇಟೆಗೆ ಹೋಗಿದ್ದ. ನಾನು ಬಗ್ಗಿ ಅತ್ತೆಯ ಕಿವಿಯ ಹತ್ತಿರ "ಎಷ್ಟ ದಿನ ಆತು?" ಎಂದು ಕೇಳಿದೆ. ಸುಳ್ಳು ಹೇಳಲು ಬಾಯಿ ತೆರೆದವಳು, ಕೇಳುತ್ತಿರುವುದು ನಾನು ಎಂದು ನೆನಪಾಗಿ ಮುಚ್ಚಿದಳು.

"ವರ್ಷದ ಮ್ಯಾಲ ಆತು. ಕಣ್ಣಿಗೆ ಪರಿ ಬಂದೈತಿ. ಒಂದು ಕಣ್ಣಾಗ ಹೊಗಿ ತುಂಬಿದಂಗ, ಇನ್ನೊಂದರಾಗ ಬೆಳಕಷ್ಟ ಗೊತ್ತಾಗತೈತಿ" ಎಂದಳು.

"ದವಾಖಾನಿಗೆ ಹೋಗಾಕ ಏನ್ ಧಾಡಿ?"

"ಹೋದ್ರ ತಿಂಗಳಗಟ್ಟಲೆ ಕೈ ಕಟ್ಟಿ ಕುಂಡ್ರಸ್ತಾರ. ಅಷ್ಟರಾಗ ಕುಣಿಕಿ ಹಾಕಾಕ ಮತ್ತೊಬ್ಬಾಕಿನ್ನ ಕರಸ್ತಾರ. ಆಮ್ಯಾಲ ಈ ಮಣಿ ಮ್ಯಾಲ ನನಗ ಜಾಗಾ ಇರಂಗಿಲ್ಲ. ಉಣ್ಣು, ಮಕ್ಕೊ, ಉಣ್ಣು, ಮಕ್ಕೊ. ನಾ ಏನ್ ಎಮ್ಮಿಯೇನು?"

ನಾನು ಅವಳ ಮೇಲೆ ರೇಗಿದೆ, ದನಿ ಏರಿಸದೆ ರೇಗುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಅವಳು ನನ್ನ ಕೈ ಹಿಡಿದು, ಯಾರಿಗೂ ಹೇಳುವುದಿಲ್ಲ ಎಂದು ಸತ್ತ ನನ್ನ ಅಪ್ಪನ ಆಣೆ ಹಾಕಿಸಿಕೊಂಡಳು. ಆಮೇಲೆ ತನ್ನ ಕರಾಮತ್ತುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಟ್ಟಳು, ಹೇಳುವಾಗ ಅವಳಿಗೆ ಖುಷಿಯೋ ಖುಷಿ. ಮನೆಗೆ ಬಂದವರೇ ಮೊದಲು ಮಾತಾಡುವವರೆಗೆ ಕಾಯುವುದು. ಪೇಪರ್ ಕೈಗೆ ಕೊಟ್ಟರೆ ಕನ್ನಡಕ ಕಳೆದಿದೆ ಎಂದು ಬೈಯುವುದು. ಚಹಾದ ಕಪ್ಪನ್ನು ಯಾವಾಗಲೂ ಬಲಗಡೆಯೇ ಇಡಬೇಕೆಂದು ಹಟ ಮಾಡುವುದು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹೊರಡುವ ಮೊದಲು ಮಗ್ಗಕ್ಕೆ ಹೂಡಿದ್ದ ಹಾಸಿನ ಹತ್ತಿರ ಹೋಗಿ ಕುಣಿಕೆಗಳನ್ನು ನೋಡಿದೆ. ಒಂದೂ ತಪ್ಪಿರಲಿಲ್ಲ. ಮುಂದಿನ ಭಾನುವಾರ ಮತ್ತೊಂದು ಹಾಸು ನೋಡಿದೆ, ಅದೂ ಹಾಗೆಯೇ. ನಾನು ಬೆರಗಾದೆ. ಕಣ್ಣು ಹೋದರೂ ಬೆರಳಿನಲ್ಲಿ ಉಳಿದ ಬುದ್ಧಿಯೇ ಮೇತಿಸ್ ಎಂದು ತೀರ್ಮಾನಿಸಿ, ಕ್ಲಾಸಿನಲ್ಲಿ ಹತ್ತು ನಿಮಿಷಕ್ಕೆ ಬದಲು ಇಪ್ಪತ್ತು ನಿಮಿಷ ಮಾತಾಡಿದೆ. ಹೆಸರು, ಊರು ಹೇಳಲಿಲ್ಲವಾದ್ದರಿಂದ ಆಣೆ ಮುರಿದಂತಾಗಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೇಷ್ಟ್ರು ಮೆಚ್ಚಿದರು. ಎರಡು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮುಂದಿನ ಶನಿವಾರ ಕಾಲೇಜು ಬೇಗ ಬಿಟ್ಟಿತು. ಹೇಳದೆ ಕೇಳದೆ ಇಳಕಲ್ಲಿಗೆ ಹೋದೆ. ಮಧ್ಯಾಹ್ನ ಎರಡರ ಹೊತ್ತು, ಅತ್ತೆ ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಮಣೆಯ ಮೇಲೆ, ಸೊಸೆ ಕೂತಿದ್ದಳು. ಅತ್ತೆ ಬೆಳಿಗ್ಗೆ ಹಾಕಿದ್ದ ಕುಣಿಕೆಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಎಳೆಗಳು ಬಿಟ್ಟುಹೋಗಿದ್ದವು, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು ಸಿಕ್ಕಿಕೊಂಡಿದ್ದವು. ನನ್ನನ್ನು ಕಂಡು ಅವಳ ಕೈ ಅಲ್ಲೇ ನಿಂತಿತು.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ, ಅತ್ತಿಯಾರಿಗೆ ಹೇಳಬ್ಯಾಡ್ರಿ" ಎಂದಳು.

"ಎಷ್ಟ ದಿನ ಆತು?" ಎಂದೆ. ಈ ಮನೆಯಲ್ಲಿ ನಾನು ಕೇಳುವ ಪ್ರಶ್ನೆ ಅದೊಂದೇ ಎಂಬಂತಾಗಿತ್ತು.

"ವರ್ಷ ಆತ್ರಿ. ಮೊದಲ ಒಂದು ಸೀರಿ ಕೆಟ್ಟಾಗ ಗೊತ್ತಾತು. ಕಣ್ಣು ಕಾಣಂಗಿಲ್ಲಂತ ಹೇಳಿದ್ರ ಅವರು ಕುಂತಲ್ಲೇ ಕರಗಿ ಹೋಗ್ತಾರ. ಅವರು ಇಲ್ಲಿ ಕುಂತಿರಬೇಕ್ರಿ. ಹಾಕಲಿ, ನಾ ತಿದ್ದತೇನಿ. ಇವರಿಗೂ ಹೇಳಿಲ್ಲ."

ಇವರು ಎಂದರೆ ಗಂಡ. ಅವನ ಮುಖದಲ್ಲಿ ಎಲ್ಲ ಕಂಡುಬಿಡುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಮೇತಿಸ್ ಶಬ್ದಕ್ಕೆ ಬಹುವಚನ ಅಪರೂಪ ಎಂದಿದ್ದರು ಮೇಷ್ಟ್ರು. ಇಲ್ಲಿ ಒಂದೇ ಸೂರಿನ ಕೆಳಗೆ ಎರಡು ಇದ್ದವು, ಒಂದು ಗೊರಕೆ ಹೊಡೆಯುತ್ತಿತ್ತು, ಒಂದು ಕಣ್ಣೀರು ಒರೆಸಿಕೊಳ್ಳುತ್ತಿತ್ತು. ನಾನು ಬೆರಳಿನ ಬುದ್ಧಿ ಎಂದು ಇಪ್ಪತ್ತು ನಿಮಿಷ ಕೊರೆದದ್ದು ಈ ಹೆಂಗಸಿನ ಬೆರಳುಗಳ ಬಗ್ಗೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಬ್ಬರೂ ಒಬ್ಬರಿಗೊಬ್ಬರು ಮಾಡುತ್ತಿದ್ದ ಈ ಉಪಕಾರದ ನಡುವೆ ಮುದುಕಿಯ ಕಣ್ಣು ಪೂರ್ತಿ ಹೋಗುವುದರಲ್ಲಿತ್ತು.

"ನಿಮ್ಮಿಬ್ಬರ ಶಾಣ್ಯಾತನಕ್ಕ ಬೆಂಕಿ ಹಾಕಲಿ" ಎಂದೆ. ಅವಳು ಕುಣಿಕೆ ಹಿಡಿದುಕೊಂಡೇ ತಲೆ ತಗ್ಗಿಸಿದಳು. ಆದರೂ ಹೇಳುವುದಿಲ್ಲ ಎಂದು ಅವಳಿಗೂ ಮಾತು ಕೊಟ್ಟೆ. ಎದುರಿಗೆ ಒಬ್ಬಳು ಅಳುತ್ತಿದ್ದರೆ ನಾನು ಏನು ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಹುನಗುಂದಕ್ಕೆ ಮರಳಿ ಬರುವಷ್ಟರಲ್ಲಿ ನನ್ನದೇ ಒಂದು ಹೂಟ ಸಿದ್ಧವಾಗಿತ್ತು. ಮರುದಿನ ಅತ್ತೆಗೆ ಫೋನು ಮಾಡಿ, ನನ್ನ ಕಣ್ಣಿಗೆ ಏನೋ ಆಗಿದೆ, ಬಾಗಲಕೋಟೆಯ ದವಾಖಾನೆಗೆ ಹೋಗಬೇಕು, ಒಬ್ಬಳೇ ಹೋಗಲು ಭಯ, ನೀನು ಜೊತೆಗೆ ಬಾ ಎಂದೆ. ದನಿ ಸ್ವಲ್ಪ ನಡುಗಿಸಿದೆ ಕೂಡ. ಅತ್ತೆ ಯಾವ ಕಣ್ಣು ಎಂದೂ ಕೇಳದೆ "ಬರ್ತೇನಿ" ಎಂದಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬಸ್ಸು ಅಮೀನಗಡ ದಾಟುವವರೆಗೂ ಅವಳು ಊರ ಸುದ್ದಿ ಹೇಳಿದಳು. ಅಲ್ಲಿ ಕೊಂಡ ಕರದಂಟನ್ನು ಮುರಿದು ನನ್ನ ಕೈಗೆ ಇಟ್ಟು, ಹೊರಗೆ ಮುಖ ಮಾಡಿಕೊಂಡು ಹೇಳಿದಳು, "ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನಿನ್ನ ಕಣ್ಣಿಗೆ ಏನರ ಆಗಿದ್ರ ನೀ ಊರೆಲ್ಲಾ ಒದರಾಡತಿದ್ದಿ."

ಕರದಂಟು ಬಾಯಲ್ಲೇ ಉಳಿಯಿತು. "ಗೊತ್ತಿದ್ದೂ ಯಾಕ ಬಂದಿ ಮತ್ತ?" ಎಂದೆ.

"ನನ್ನ ಕುಣಿಕಿ ಯಾರೋ ಬಿಚ್ಚಿ ಹಾಕತಾರ" ಎಂದಳು.

ಸೊಸೆಗೆ ಕೊಟ್ಟ ಮಾತು ನೆನಪಾಗಿ ನಾನು ಕರದಂಟು ಅಗಿಯತೊಡಗಿದೆ. ಅವಳೇ ಮುಂದುವರಿಸಿದಳು.

"ನಾ ಎಡಕ್ಕ ತಿರುವಿ ಎಳೀತೇನಿ. ಸಂಜೀ ಮುಂದ ಹೆಬ್ಬಟ್ಟ ಆಡಿಸಿ ನೋಡಿದ್ರ ಬಲಕ್ಕ ತಿರುವಿರತಿತ್ತು. ಮೊದಲ ಸಿಟ್ಟ ಬಂತು. ಆಮ್ಯಾಲ ನೋಡೋಣು ಅಂತ ಸುಮ್ಮನಾದೆ. ಮೊದಮೊದಲ ಸಡಿಲ ಹಾಕತಿದ್ಲು. ದಿನಾ ಒಂದಿಷ್ಟ ಬಿಗಿ ಆಕ್ಕೋತ ಬಂತು. ನಾ ಮುಂದ ಕುಂತು ಕಲಸಾಕ ಆಗಲಾರದ್ದನ್ನ, ನಾ ಮಲಗಿದಾಗ ಕಲತ್ಲು ನೋಡು ಅಕಿ."

"ಅದಕ್ಕಂತ ವರ್ಷ ಕಣ್ಣು ಕಳಕೊಂಡು ಕುಂತಿಯೇನು?"

"ನಡುವ ಎದ್ದು ಹೋಗಿದ್ರ ಬೆದರಿ ಬಿಟ್ಟಬಿಡತಿದ್ಲು. ಹೋದ ವಾರದ ಹಾಸಿನಾಗ ಒಂದೂ ಸಡಿಲ ಇರಲಿಲ್ಲ. ಈಗ ಕಣ್ಣು ಮಾಡಿಸ್ಕೊಂಡ್ರ ಅಡ್ಡಿಯಿಲ್ಲ."

ಮಣೆ ಬಿಡಲಾರೆ ಎಂದು ನನ್ನ ಅಪ್ಪನ ಆಣೆ ಹಾಕಿಸಿದ್ದಳಲ್ಲ, ಅದು ಸುಳ್ಳೇ ಎಂದು ಕೇಳಿದೆ. ಅದೂ ಖರೆ, ಇದೂ ಖರೆ ಎಂದಳು. ಹಾಸು ಹಾಸುವಾಗ ಒಂದು ಎಳೆ ಮಾತ್ರ ಇರುತ್ತದೇನು ಎಂದು ನನ್ನನ್ನೇ ಬೈದಳು.

ದವಾಖಾನೆಯಲ್ಲಿ ಡಾಕ್ಟರು ಪೊರೆ ಪೂರ್ತಿ ಬಲಿತಿದೆ ಎಂದರು. ಇನ್ನೂ ತಡ ಮಾಡಿದ್ದರೆ ಕಣ್ಣಿನ ಒಳಗೆ ಒತ್ತಡ ಏರಿ ದೃಷ್ಟಿಯೇ ಹೋಗುತ್ತಿತ್ತಂತೆ. ನಾನು ಹೊರಗಿನ ಬೆಂಚಿಗೆ ಬಂದು ಕೂತು ಅತ್ತುಬಿಟ್ಟೆ. ಅವಳ ಮೇಲಿನ ಸಿಟ್ಟಿಗೋ, ಅವಳು ನನಗೆ ಎಷ್ಟು ಬೇಕಾದವಳು ಎಂದು ಆ ಬೆಂಚಿನ ಮೇಲೆ ಗೊತ್ತಾದದ್ದಕ್ಕೋ, ಎರಡೂ ಇರಬೇಕು. ಅಲ್ಲಿಂದಲೇ ಮೇಷ್ಟ್ರಿಗೆ ನನ್ನ ಭಾಷಣದ ಅರ್ಧ ತಪ್ಪಾಗಿತ್ತು ಎಂದು ಬರೆದೆ. ಉಳಿದರ್ಧ ಯಾವಾಗ ಹೇಳುತ್ತೀರಿ ಎಂದು ಅವರು ಉತ್ತರ ಬರೆದರು.

ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಆ ದಿನಗಳಲ್ಲಿ ಕುಣಿಕೆಯನ್ನೆಲ್ಲ ಸೊಸೆಯೇ ಹಾಕಿದಳು, ಬೇರೆ ದಾರಿ ಇಲ್ಲದೆ ಹಾಕುತ್ತಿದ್ದೇನೆ ಎಂಬಂತೆ, ಈಗಷ್ಟೇ ಕಲಿಯುತ್ತಿರುವವಳ ಹಾಗೆ ನಿಟ್ಟುಸಿರು ಬಿಡುತ್ತ. ಅತ್ತೆಯೂ ಮಂಚದಿಂದಲೇ "ಅವಸರ ಮಾಡಬ್ಯಾಡ, ಬರತೈತಿ" ಎಂದು ಹೊಸಬಳಿಗೆ ಹೇಳಿದಂತೆ ಹೇಳುತ್ತಿದ್ದಳು. ನಾನು ಇಬ್ಬರ ನಡುವೆ ಕೂತು ತುಟಿ ಕಚ್ಚಿಕೊಂಡಿರುತ್ತಿದ್ದೆ.

ಹೊಸ ಕನ್ನಡಕ ಬಂದ ದಿನ ನಾನೂ ಅಲ್ಲಿದ್ದೆ. ಅತ್ತೆ ಮಣೆಯ ಮೇಲೆ ಕೂತು ಹಾಸನ್ನು ಮುಂದಕ್ಕೆ ಎಳೆದುಕೊಂಡಳು. ಸೊಸೆ ಸೆರಗಿನ ತುದಿ ತಿರುವುತ್ತ ನಿಂತಿದ್ದಳು. ಅತ್ತೆ ಒಂದು ಅಂಚಿನಿಂದ ಶುರುಮಾಡಿ ಒಂದೊಂದೇ ಕುಣಿಕೆ ನೋಡುತ್ತ ಬಂದಳು. ಅವಳ ಕಣ್ಣು ಎಳೆಯಿಂದ ಎಳೆಗೆ ಸರಿಯುವುದನ್ನು ನೋಡುತ್ತಿದ್ದ ನನಗೆ, ಅದು ನಿಂತ ಜಾಗವೂ ಕಂಡಿತು. ಅಲ್ಲಿ ಒಂದು ಎಳೆ ಬಿಟ್ಟುಹೋಗಿತ್ತು. ಅತ್ತೆ ಅದರ ಮೇಲೆ ಮೆಲ್ಲಗೆ ಹೆಬ್ಬೆರಳು ಇಟ್ಟಳು.

"ಹ್ಯಾಂಗ ಬಂದೈತ್ರಿ?" ಎಂದಳು ಸೊಸೆ.

"ಕಣ್ಣು ಇನ್ನೂ ಮಸಕ ಮಸಕ ಅದಾವ ನನ್ನವ್ವ" ಎಂದಳು ಅತ್ತೆ. "ಕೈಗೆ ಭಾಳ ಚಲೋ ಹತ್ತೈತಿ."

ಸೊಸೆಯ ಮುಖ ಅರಳಿತು. ಚಹಾ ಮಾಡುತ್ತೇನೆ ಎಂದು ಒಳಗೆ ಹೋದಳು. ಅತ್ತೆ ಹೆಬ್ಬೆರಳು ಎತ್ತಿ, ಬಿಟ್ಟ ಎಳೆಯನ್ನು ಹಿಡಿದು ಕುಣಿಕೆ ಹಾಕಿದಳು, ಎಡಕ್ಕಲ್ಲ, ಸೊಸೆ ಹಾಕುವಂತೆ ಬಲಕ್ಕೆ ತಿರುವಿ. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, ಹಾಸಿನ ಆ ಕಡೆ ಹೋಗಿ ಬರೀ ನೆಲದ ಮೇಲೆ ಕೂತಳು. ಸೊಸೆ ಚಹಾ ತಂದಾಗ ಬಾಗಿಲ ಪಕ್ಕದ ಮಣೆ ಖಾಲಿ ಇತ್ತು.

"ನೀ ಅಲ್ಲಿ ಕುಂಡ್ರು" ಎಂದಳು ಅತ್ತೆ. "ನಾ ಎಳಿ ಕೊಡತೇನಿ."